ಕೂದಲಕ್ಕ ಮೇಲ್ ಬದಲಿಸಿದ್ದು

ಟೀವಿಯಲ್ಲಿ ವಾರ್ತೆ ಓದುವ ಹೆಂಗಸು ಧಡಧಡನೆ ಮೆಟ್ಟಿಲು ಹತ್ತಿ ಬಂದಾಗ ಕೂದಲಕ್ಕ ಒಂದು ವಿಗ್ಗಿನ ಹಣೆಯಂಚು ಹೊಲಿಯುತ್ತ ಕೂತಿದ್ದಳು. ಹಣೆಯಂಚಿನ ಕೆಲಸವೆಂದರೆ ಉಸಿರು ಬಿಗಿಹಿಡಿದು ಮಾಡುವಂಥದ್ದು. ಮರದ ತಲೆಯ ಮೇಲೆ ಬಿಗಿದ ತೆಳುಬಲೆಯ ಒಂದೊಂದು ಕಣ್ಣಿಗೂ ಕೊಕ್ಕೆಸೂಜಿ ತೂರಿಸಿ, ಒಂದೇ ಒಂದು ಕೂದಲನ್ನು ಎಳೆದು ಗಂಟು ಹಾಕಬೇಕು. ಹಿಂದಲೆಗಾದರೆ ನಾಲ್ಕಾರು ಕೂದಲು ಒಟ್ಟಿಗೆ ಹಾಕಿದರೂ ನಡೆಯುತ್ತದೆ. ಹಣೆಯ ಹತ್ತಿರ ಆ ಸೋಮಾರಿತನ ತೋರಿಸಿದರೆ ಎದುರು ನಿಂತವರು ಅರೆಕ್ಷಣದಲ್ಲಿ ಹಿಡಿದುಬಿಡುತ್ತಾರೆ.

ಯಾರೂ ಹಿಡಿಯದ ಹಾಗೆ ಮಾಡುವುದೇ ಕೂದಲಕ್ಕನ ಕಸುಬು. ದರ್ಜಿ ಅಂಗಡಿಯ ಮೇಲಿನ ಆ ಎರಡು ಕೋಣೆಗೆ ಬೋರ್ಡು ಕೂಡ ಇರಲಿಲ್ಲ. ಗಿರಾಕಿಗಳು ಬಾಯಿಂದ ಬಾಯಿಗೆ ಕೇಳಿಕೊಂಡು, ಅಕ್ಕಪಕ್ಕ ನೋಡಿಕೊಂಡು ಬರುತ್ತಿದ್ದರು. ಕಾಯಿಲೆಯಲ್ಲಿ ಕೂದಲು ಕಳೆದುಕೊಂಡವರು, ಮದುವೆ ಗೊತ್ತಾದವರು, ನಾಟಕದವರು. ಅವರು ಬೀದಿಯಲ್ಲಿ ಎದುರಾದರೆ ಕೂದಲಕ್ಕ ಗುರುತೇ ಇಲ್ಲದವಳಂತೆ ಹೋಗಿಬಿಡುತ್ತಿದ್ದಳು. ಅದು ಅವಳ ಹೆಮ್ಮೆ. ಅವಳ ಬಾಯಿಂದ ಇದುವರೆಗೆ ಒಬ್ಬರ ತಲೆಯ ವಿಷಯವೂ ಹೊರಬಿದ್ದಿರಲಿಲ್ಲ.

"ಬಾಗಿಲು ಹಾಕಿ," ಎಂದಳು ವಾರ್ತೆಯವಳು. ಕೂದಲಕ್ಕ ಬಾಗಿಲು ಹಾಕಿದಳು.

"ಯಾರಿಗೆ ಹೇಳಿದ್ರಿ?"

"ಏನನ್ನ?"

"ನನ್ನ ತಲೆ ವಿಷಯಾನ. ಇವತ್ತು ಬೆಳಿಗ್ಗೆ ಸ್ಟುಡಿಯೋದಲ್ಲಿ ಮೇಕಪ್ಪಿನವಳು ಕಿವಿ ಹತ್ತಿರ ಬಗ್ಗಿ ಕೇಳ್ತಾಳೆ, ಮೇಡಂ ಹೊಸ ಕೂದಲು ಬರ್ತಿದ್ಯಾ ಅಂತ. ನನ್ನ ಜೀವ ಹೋದಂಗಾಯ್ತು."

"ಅವರ ಕಣ್ಣಿಗೇ ಬಿದ್ದಿರಬಹುದಲ್ಲ?"

"ನೀವು ಮಾಡಿದ್ದು ಕಣ್ಣಿಗೆ ಬೀಳುತ್ತಾ?" ವಾರ್ತೆಯವಳು ಕೇಳಿದ್ದು ಹೊಗಳಿಕೆಯಾಗಿತ್ತು, ಆದರೆ ಬೈಗುಳದಂತೆ ಕೇಳಿಸಿತು. "ಡಾಕ್ಟರಿಗೆ ಗೊತ್ತು. ಅವರು ಹೇಳಲ್ಲ. ನಮ್ಮಮ್ಮನಿಗೆ ಗೊತ್ತು. ಅಮ್ಮ ಸತ್ತರೂ ಹೇಳಲ್ಲ. ಇನ್ನು ಉಳಿದವರು ಯಾರು ನೀವೇ ಹೇಳಿ."

ಕೂದಲಕ್ಕನ ಕೈಯಲ್ಲಿದ್ದ ಕೂದಲು ಎಲ್ಲಿ ಬಿತ್ತೋ ತಿಳಿಯಲಿಲ್ಲ.

"ನಾನು ಕಳಿಸಿದ ಫೋಟೋಗಳು ಎಲ್ಲಿವೆ?"

"ಮೇಲ್‌ನಲ್ಲೇ ಇವೆ. ನೀವು ಕಳಿಸಿದ ಹಾಗೇ."

"ಯಾವ ಮೇಲು? ಎಲ್ಲರೂ ಇಟ್ಕೊಂಡಿರೋ ಆ ಬಿಟ್ಟಿ ಮೇಲಾ?" ವಾರ್ತೆಯವಳು ಎದ್ದು ನಿಂತಳು. "ಬೋಳು ತಲೆ ಫೋಟೋನ ಬಿಟ್ಟಿ ಮೇಲ್‌ನಲ್ಲಿ ಇಟ್ಕೊಂಡು ಕೂತಿದ್ದೀರಲ್ಲ, ನಿಮಗೆ ಏನನ್ನಬೇಕು?"

ಏನನ್ನಬೇಕೆಂದು ಅವಳು ಹೇಳದೇ ಹೋದಳು. ಹೇಳಿದ್ದರೆ ವಾಸಿಯಿತ್ತು.

ಆ ದಿನ ಕೂದಲಕ್ಕ ತನ್ನ ಮೇಲ್ ತೆರೆದು ಮೊದಲ ಸಲ ಹೊರಗಿನವಳ ಕಣ್ಣಿನಿಂದ ನೋಡಿದಳು. ಸಾಲುಸಾಲು ತಲೆಗಳು. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಕೆಳಗೆ ಹೆಸರು, ಅಳತೆ, ಫೋನ್ ನಂಬರು. ಬದಿಯಲ್ಲಿ ಕೂದಲೆಣ್ಣೆಯ ಜಾಹೀರಾತು. ಅದರ ಕೆಳಗೆ ಇನ್ನೊಂದು, ತಲೆಗೆ ಕೂದಲು ನೆಡುವ ಆಸ್ಪತ್ರೆಯದು. ಇವು ಇಷ್ಟು ವರ್ಷವೂ ಇಲ್ಲೇ ಇದ್ದವೇ? ಇದ್ದವು. ನೋಡಿಯೂ ಇದ್ದಳು. ತನ್ನದು ಕೂದಲಿನ ಕೆಲಸ, ಅದಕ್ಕೆ ಕೂದಲಿನ ಜಾಹೀರಾತು ಬರುತ್ತದೆ ಎಂದುಕೊಂಡಿದ್ದಳೇ ಹೊರತು, ತನ್ನದು ಕೂದಲಿನ ಕೆಲಸವೆಂದು ಅವರಿಗೆ ಯಾರು ಹೇಳಿದರು ಎಂದು ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಳು.

ಅನುಮಾನ ಒಂದು ಸಲ ಒಳಗೆ ಬಂದರೆ ಮನೆಯ ಎಲ್ಲ ಕೋಣೆಯನ್ನೂ ನೋಡಿಕೊಂಡೇ ಹೋಗುವುದು. ಮೊದಲು ಅದು ಹೋಗಿ ನಿಂತದ್ದು ಸಹಾಯಕಿಯ ಎದುರು. ಅವಳನ್ನು ಎಲ್ಲರೂ ಉದ್ದಜಡೆ ಎಂದೇ ಕರೆಯುತ್ತಿದ್ದರು. ಮೊಣಕಾಲು ಮುಟ್ಟುವ ಸ್ವಂತ ಜಡೆಯನ್ನು ಇಟ್ಟುಕೊಂಡು ಇಡೀ ದಿನ ಬೇರೆಯವರ ಕೂದಲು ಬಾಚುವವಳು. ಮೊಳೆ ನಿಲ್ಲಿಸಿದ ಹಲಗೆಯ ಮೇಲೆ ಕೂದಲಿನ ಕಟ್ಟುಗಳನ್ನು ಎಳೆದು, ಬುಡ ಒಂದು ಕಡೆ ತುದಿ ಒಂದು ಕಡೆ ಬರುವಂತೆ ಜೋಡಿಸುವುದು ಅವಳ ಕೆಲಸ. ಒಂದೇ ಒಂದು ಎಳೆ ತಲೆಕೆಳಗಾದರೂ ಎಲ್ಲ ಸಿಕ್ಕುಗಟ್ಟುತ್ತದೆ. ಅವಳ ಕೈಯಲ್ಲಿ ಎಂದೂ ಹಾಗಾಗಿರಲಿಲ್ಲ. ಬಾಯಿ ಮಾತ್ರ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ.

"ನೀನು ಮನೇಲಿ ನಮ್ಮ ಗಿರಾಕಿಗಳ ವಿಷಯ ಮಾತಾಡ್ತೀಯಾ?" ಎಂದು ಕೂದಲಕ್ಕ ಸುಮ್ಮನೆ ಕೇಳಿದವಳಂತೆ ಕೇಳಿದಳು.

"ಅಯ್ಯೋ ಅಕ್ಕ, ನಮ್ಮನೇಲಿ ನನ್ನ ಮಾತು ಯಾರು ಕೇಳ್ತಾರೆ? ಬಾಯಿ ತೆಗೆದ್ರೆ ಸಾಕು, ಎಲ್ಲರೂ ಎದ್ದು ಹೋಗ್ತಾರೆ."

ಇದು ಹೌದೋ ಅಲ್ಲವೋ ಕೂದಲಕ್ಕನಿಗೆ ಗೊತ್ತಾಗಲಿಲ್ಲ. ಮರುದಿನ ಊಟಕ್ಕೆ ಹೋಗುವ ಮುಂಚೆ ಅವಳು ಒಂದು ಕರಿಕೂದಲನ್ನು ಕಂಪ್ಯೂಟರಿನ ಕೀಲಿಗಳ ಮೇಲೆ ಅಡ್ಡಡ್ಡ ಇಟ್ಟು ಹೋದಳು. ಬಂದು ನೋಡಿದರೆ ಕೂದಲು ಇಲ್ಲ. ಉದ್ದಜಡೆಯ ಬೆನ್ನನ್ನೇ ದಿಟ್ಟಿಸುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿರುವುದು ಗಮನಕ್ಕೆ ಬಂತು. ಕೋಣೆಯ ತುಂಬ ಹಾರಾಡುವ ಸಾವಿರ ಕೂದಲಿನ ನಡುವೆ ತನ್ನ ಒಂದು ಕೂದಲನ್ನು ಹುಡುಕಲು ಹೊರಟಿದ್ದಳು. ನಾಚಿಕೆಯಾಯಿತು. ಆದರೂ ಉದ್ದಜಡೆಯ ಹೆಸರು ಮನಸ್ಸಿನಿಂದ ಪೂರ್ತಿ ಅಳಿಸಿಹೋಗಲಿಲ್ಲ.

ಗಂಡನಿಗೆ ಹೇಳಿದಳು. ಅವನು ಲಿಫ್ಟ್ ರಿಪೇರಿಯವನು. ಯಾವ ಮಾತನ್ನು ಎತ್ತಿದರೂ ಅದನ್ನು ಲಿಫ್ಟಿಗೇ ತಂದು ನಿಲ್ಲಿಸುವವನು.

"ದಿನಾ ನೂರಾರು ಜನ ಆ ಪೆಟ್ಟಿಗೇಲಿ ನಿಂತ್ಕೊಂಡು ಮೇಲೆ ಹೋಗ್ತಾರೆ. ಯಾರಾದರೂ ಹಗ್ಗ ಗಟ್ಟಿ ಇದ್ಯಾ ಅಂತ ನೋಡಿ ಹತ್ತಿದ್ದಾರಾ? ನಂಬಿಕೆ ಮೇಲೆ ಹೋಗ್ತಾರೆ ಕಣೇ."

"ಹಗ್ಗ ನೋಡ್ಕೊಳ್ಳೋಕೆ ನೀವಿದ್ದೀರಲ್ಲ. ನನ್ನ ಮೇಲ್ ನೋಡ್ಕೊಳ್ಳೋಕೆ ಯಾರಿದ್ದಾರೆ?"

"ಯಾರೋ ನೋಡ್ತಿದ್ದಾರೆ ಅಂತ ತಾನೇ ನಿನ್ನ ಗೋಳು!" ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ. ಕೂದಲಕ್ಕ ನಗಲಿಲ್ಲ. ಅವನು ನಕ್ಕದ್ದು ಕೂಡ ಅವಳಿಗೆ ಸ್ವಲ್ಪ ಹೆಚ್ಚಾಯಿತೆನ್ನಿಸಿತು. ಈ ಮನುಷ್ಯ ಯಾಕೆ ಇಷ್ಟು ನಿರಾಳವಾಗಿದ್ದಾನೆ?

ಆ ಬಿಟ್ಟಿ ಮೇಲನ್ನು ಹಿಂದೆ ಅವಳಿಗೆ ಮಾಡಿಕೊಟ್ಟವನು ಮೈದುನ, ಗಂಡನ ತಮ್ಮ. ಕಂಪ್ಯೂಟರ್ ಮಾರುವ ಅಂಗಡಿಯಲ್ಲಿ ಅವನ ಕೆಲಸ. ಇಂಥ ವಿಷಯಕ್ಕೆಲ್ಲ ಅವನನ್ನೇ ಕೇಳುವುದು ವಾಡಿಕೆ. ಈ ಸಲ ಅವಳು ಕೇಳಲಿಲ್ಲ. ಮಾಡಿಕೊಟ್ಟವನಿಗೆ ಪಾಸ್‌ವರ್ಡ್ ಗೊತ್ತಲ್ಲವೇ? ಅವನ ಮನೆಯವರ ಹೋಗಿಬರುವಿಕೆಯೂ ಇತ್ತೀಚೆಗೆ ಕಡಿಮೆಯಾಗಿತ್ತು. ಓರಗಿತ್ತಿಯಂತೂ ತಿಂಗಳುಗಟ್ಟಲೆ ಇವರ ಕಡೆ ಸುಳಿದಿರಲಿಲ್ಲ. ಕರೆದಾಗಲೆಲ್ಲ ಒಂದೊಂದು ನೆಪ. ಏನೋ ಇದೆ ಎಂದು ಕೂದಲಕ್ಕನ ಒಳಮನಸ್ಸು ಗುಟ್ಟಾಗಿ ಹೇಳಿತು. ಹಾಗಾಗಿ ಹೊಸ ಮೇಲನ್ನು ತಾನೇ ಹುಡುಕಿಕೊಳ್ಳಲು ಕೂತಳು.

ಗುಟ್ಟು ಕಾಯುವ ಮೇಲ್ ಕಂಪನಿಗಳು ಒಂದಲ್ಲ ಹತ್ತಾರು ಇದ್ದವು. ಅಷ್ಟೊಂದು ಇರುವುದೇ ಅವಳಿಗೆ ವಿಚಿತ್ರವೆನ್ನಿಸಿತು. ಇಷ್ಟು ಜನ ಏನನ್ನು ಬಚ್ಚಿಡುತ್ತಿದ್ದಾರೆ? ಒಂದು ಕಂಪನಿ ತನ್ನ ಪುಟದ ತುಂಬ ಹಿಮದ ಬೆಟ್ಟಗಳ ಚಿತ್ರ ಹಾಕಿಕೊಂಡಿತ್ತು. ಕೆಳಗೆ ದಪ್ಪಕ್ಷರದಲ್ಲಿ "ನಿಮ್ಮ ಪತ್ರಗಳನ್ನು ನಾವು ಓದುವುದಿಲ್ಲ" ಎಂದು ಬರೆದಿತ್ತು. ಕೇಳದೇ ಇದ್ದರೂ "ನಾನು ಕದಿಯುವುದಿಲ್ಲ" ಎನ್ನುತ್ತ ಮನೆಯೊಳಗೆ ಬರುವವನನ್ನು ಕಂಡ ಹಾಗಾಯಿತು ಅವಳಿಗೆ. ಇನ್ನೊಂದು ಕಂಪನಿ ಹೆಸರು ಕೇಳುತ್ತಿರಲಿಲ್ಲ, ಫೋನ್ ನಂಬರು ಕೇಳುತ್ತಿರಲಿಲ್ಲ, ದುಡ್ಡನ್ನು ಲಕೋಟೆಯಲ್ಲಿ ಹಾಕಿ ಕಳಿಸಿದರೂ ಸಾಕು ಎನ್ನುತ್ತಿತ್ತು.

"ಹೆಸರು ಕೇಳದೆ ಮನೆ ಬಾಡಿಗೆಗೆ ಕೊಡ್ತೀನಿ ಅಂದ್ರೆ ಆ ವಠಾರದಲ್ಲಿ ಎಂಥೆಂಥವರು ಇರಬಹುದು ಅಕ್ಕ!" ಎಂದಳು ಉದ್ದಜಡೆ, ಹಿಂದಿನಿಂದ ಬಗ್ಗಿ ನೋಡಿ. ಕೂದಲಕ್ಕ ತಟ್ಟನೆ ಪರದೆಯನ್ನು ಆ ಕಡೆ ತಿರುಗಿಸಿದಳು. ಆದರೆ ಮಾತು ಸರಿ ಎನ್ನಿಸಿತು.

ಮೂರನೆಯದು ಅಷ್ಟೇನೂ ಚೆಂದವಿಲ್ಲದ, ಬೂದುಬಣ್ಣದ ಪುಟದ ಕಂಪನಿ. ಅದರವರು ತಮ್ಮಿಂದ ಏನೇನು ಆಗುವುದಿಲ್ಲ ಎನ್ನುವುದನ್ನೇ ಉದ್ದಕ್ಕೂ ಬರೆದಿದ್ದರು. ಪತ್ರಕ್ಕೆ ಬೀಗ ಹಾಕಿದ ಮೇಲೆ ಬೀಗದ ಕೈ ನಿಮ್ಮ ಹತ್ತಿರ ಮಾತ್ರ, ನಮ್ಮ ಹತ್ತಿರವೂ ಇಲ್ಲ. ಪಾಸ್‌ವರ್ಡ್ ಮರೆತರೆ ನಿಮ್ಮ ಪತ್ರಗಳನ್ನು ನಾವು ತೆರೆದು ಕೊಡಲಾರೆವು. ಪತ್ರಗಳ ಒಳಗಿನ ಮಾತನ್ನು ಹುಡುಕುವುದು ನಿಧಾನ, ಕೆಲವು ಸಲ ಸಿಗುವುದೂ ಇಲ್ಲ. ನೀವು ಬರೆಯುವವರು ಬೇರೆ ಕಂಪನಿಯ ಮೇಲ್ ಇಟ್ಟುಕೊಂಡಿದ್ದರೆ, ಅವರ ಪೆಟ್ಟಿಗೆಯಲ್ಲಿ ಬೀಳುವ ಪ್ರತಿಯ ಜವಾಬ್ದಾರಿ ನಮ್ಮದಲ್ಲ.

ಈ ಕೊನೆಯ ಮಾತು ಓದಿ ಕೂದಲಕ್ಕ ಕೈಚೆಲ್ಲಿ ಕೂತಳು. ತನ್ನ ಬಾಗಿಲಿಗೆ ಎಂಥ ಬೀಗ ಜಡಿದರೇನು? ಗಿರಾಕಿ ಕಳಿಸಿದ ಫೋಟೋ ಗಿರಾಕಿಯ ಬಿಟ್ಟಿ ಮೇಲ್‌ನಲ್ಲಿ ಹಾಗೇ ಬಿದ್ದಿರುತ್ತದೆ. ಅದಕ್ಕೊಂದು ಉಪಾಯವೂ ಇತ್ತು: ಇವಳು ಒಂದು ಕೊಂಡಿ ಕಳಿಸಬೇಕು, ಅವರು ಅದನ್ನು ಒತ್ತಿ, ಇವಳು ಫೋನಿನಲ್ಲಿ ಹೇಳಿದ ಗುಟ್ಟಿನ ಪದ ಹಾಕಿ, ಒಳಗೇ ಫೋಟೋ ಇಟ್ಟು ಹೋಗಬೇಕು. ಪರೀಕ್ಷೆಗೆಂದು ತೆರೆದ ಖಾತೆಯಿಂದ ನಾಟಕದವರೊಬ್ಬರಿಗೆ ಕಳಿಸಿ ನೋಡಿದಳು. ಅವರು ಫೋನ್ ಮಾಡಿ, "ಅಮ್ಮಾ, ಅಪರಿಚಿತ ಕೊಂಡಿ ಒತ್ತಬೇಡಿ ಅಂತ ಬ್ಯಾಂಕಿನವರು ದಿನಾ ಬಡ್ಕೋತಾರೆ. ನಿಮ್ಮ ಹೆಸರಲ್ಲಿ ಯಾರೋ ಕಳ್ಳರು ಕೊಂಡಿ ಕಳಿಸ್ತಿದ್ದಾರೆ, ಹುಷಾರು," ಎಂದು ಇವಳಿಗೇ ಬುದ್ಧಿ ಹೇಳಿದರು.

ಅವಳು ಬೂದುಬಣ್ಣದವರಿಗೆ ಒಂದು ಪತ್ರ ಬರೆದಳು. ನೀವು ಓದುವುದಿಲ್ಲವೆಂದು ನಾನು ಹೇಗೆ ನಂಬಲಿ? ಎರಡು ದಿನದಲ್ಲಿ ಉತ್ತರ ಬಂತು. ನಮ್ಮ ಪ್ರೋಗ್ರಾಮು ಎಲ್ಲರಿಗೂ ಕಾಣುವಂತೆ ತೆರೆದಿಟ್ಟಿದ್ದೇವೆ, ಯಾರು ಬೇಕಾದರೂ ಪರೀಕ್ಷಿಸಬಹುದು.

"ಅಡುಗೆಮನೆ ಬಾಗಿಲು ತೆಗೆದಿಟ್ಟಿದ್ದೀವಿ, ಬಂದು ನೋಡ್ಕೊಳ್ಳಿ ಅಂತಾರೆ," ಎಂದು ಗಂಡನ ಹತ್ತಿರ ಗೊಣಗಿದಳು. "ಒಲೆ ಹಚ್ಚೋಕೇ ಬಾರದವಳು ಹೋಗಿ ಏನು ನೋಡ್ಲಿ?"

"ನೀನು ನೋಡಲ್ಲ. ಬಂದವರು ಯಾರೋ ನೋಡಿರ್ತಾರೆ ಅನ್ನೋ ಹೆದರಿಕೆ ಅಡುಗೆಯವನಿಗೆ ಇರುತ್ತಲ್ಲ, ಅಷ್ಟು ಸಾಕು," ಎಂದ ಅವನು. ಲಿಫ್ಟಿನ ಪ್ರಸ್ತಾಪವಿಲ್ಲದೆ ಅವನು ಆಡಿದ ಮಾತು ಅಪರೂಪ. ಅವಳಿಗೆ ಅದು ಹಿಡಿಸಿತು.

ಉತ್ತರದಲ್ಲಿ ಇನ್ನೊಂದು ಸಾಲಿತ್ತು. ನ್ಯಾಯಾಲಯ ಆಜ್ಞೆ ಮಾಡಿದರೆ ನಮ್ಮ ಬಳಿ ಇರುವುದನ್ನು ಕೊಡಲೇಬೇಕಾಗುತ್ತದೆ. ನೀವು ಯಾವಾಗ ಸೇರಿದಿರಿ, ಯಾರಿಗೆ ಬರೆದಿರಿ ಎನ್ನುವಷ್ಟು ನಮಗೆ ತಿಳಿಯುತ್ತದೆ, ಏನು ಬರೆದಿರಿ ಎನ್ನುವುದು ತಿಳಿಯುವುದಿಲ್ಲ. ಇದನ್ನು ಓದಿ ಅವಳ ಅನುಮಾನ ಹೆಚ್ಚಾಗಬೇಕಿತ್ತು. ಯಾಕೋ ಕಡಿಮೆಯಾಯಿತು. ಬೆಟ್ಟದ ಚಿತ್ರದವರು ಹೀಗೆ ಒಂದು ಮಾತೂ ಆಡಿರಲಿಲ್ಲ. ತನ್ನ ಕೈಲಿ ಆಗದ್ದನ್ನು ಆಗದು ಎನ್ನುವವನ ಜೊತೆ ವ್ಯವಹಾರ ಮಾಡಬಹುದು ಎಂದುಕೊಂಡು ವರ್ಷದ ಚಂದಾ ಕಟ್ಟಿಬಿಟ್ಟಳು.

ಹಳೆಯ ಪತ್ರಗಳನ್ನು ಹೊಸದಕ್ಕೆ ಸಾಗಿಸಲು ಬಿಟ್ಟಿ ಮೇಲಿನ ಸೆಟ್ಟಿಂಗಿಗೆ ಹೋಗಬೇಕಿತ್ತು. ಇಷ್ಟು ವರ್ಷದಲ್ಲಿ ಅವಳು ಆ ಕಡೆ ಕಾಲಿಟ್ಟವಳೇ ಅಲ್ಲ. ಒಂದೊಂದೇ ಒತ್ತುತ್ತ ಹೋದಾಗ ಒಂದು ಕಡೆ "ನಿಮ್ಮ ಖಾತೆ ತೆರೆದಿರುವ ಕಂಪ್ಯೂಟರುಗಳು" ಎಂದು ಬಂತು. ಮೊದಲನೆಯದು ಅವಳದೇ. ಎರಡನೆಯದರ ಹೆಸರು "ಆಮೆ".

ಕೂದಲಕ್ಕನ ಕೈ ಅಲ್ಲೇ ನಿಂತುಹೋಯಿತು. ಮೈದುನನಿಗೆ ತನ್ನ ಕಂಪ್ಯೂಟರುಗಳಿಗೆಲ್ಲ ಪ್ರಾಣಿಗಳ ಹೆಸರಿಡುವ ಹುಚ್ಚು. ಅಂಗಡಿಯದು ಆನೆ, ಹೊಸದು ಚಿರತೆ. ಹತ್ತು ನಿಮಿಷ ಕಾಯಿಸಿ ತೆರೆದುಕೊಳ್ಳುವ ಹಳೆಯ ಲ್ಯಾಪ್‌ಟಾಪಿಗೆ ಆಮೆ. ಆ ಆಮೆ ನಿನ್ನೆ ಮಧ್ಯಾಹ್ನ ಅವಳ ಮೇಲ್ ಓದಿತ್ತು. ಮೊನ್ನೆಯೂ ಓದಿತ್ತು.

ಅಲ್ಲೇ ಪಕ್ಕದಲ್ಲಿ "ಹೊರಹಾಕಿ" ಎಂಬ ಗುಂಡಿಯಿತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ಅವಳು ಒತ್ತಲಿಲ್ಲ. ಕಳ್ಳನನ್ನು ಬಾಗಿಲಿಂದಾಚೆ ನೂಕುವುದಕ್ಕಿಂತ ಅವನ ಮುಖ ನೋಡುವ ಆಸೆ ದೊಡ್ಡದಾಗಿತ್ತು. ಗಂಡನಿಗೂ ಹೇಳಲಿಲ್ಲ. ತಮ್ಮನಿಗೆ ಫೋನ್ ಮಾಡಿ ಎಚ್ಚರಿಸಿಬಿಟ್ಟರೆ?

ಮಾರನೆಯ ದಿನ ಊಟ ಮುಗಿಸಿ ಬಸ್ಸು ಹತ್ತಿದಳು. ಮೈದುನ ಊಟಕ್ಕೆಂದು ಮನೆಗೆ ಬರುವ ಹೊತ್ತು ಅದು. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಸಾಣೆ ಹಿಡಿದಳು. ನಿನ್ನನ್ನ ಮಗನ ಹಾಗೆ ನೋಡಿದೆನಲ್ಲಪ್ಪ. ಯಾರಿಗೆ ಮಾರಿಕೊಂಡೆ ಹೇಳು.

ಕರೆಗಂಟೆ ಒತ್ತಿದಳು. ಒಳಗೆ ಕುರ್ಚಿ ಸರಿದ ಸದ್ದು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದವಳು ಓರಗಿತ್ತಿ. ಈಗಷ್ಟೇ ಮಿಂದವಳಂತೆ ತಲೆಗೆ ಟವೆಲ್ ಸುತ್ತಿಕೊಂಡಿದ್ದಳು. ಟವೆಲ್ ಮಾತ್ರ ಒಣಗಿತ್ತು.

"ಅಕ್ಕ! ಹೇಳದೆ ಕೇಳದೆ..."

"ಅವನೆಲ್ಲಿ?"

"ಅಂಗಡೀಲಿ. ಈಗ ಊಟ ಅಲ್ಲಿಗೇ ತಗೊಂಡು ಹೋಗ್ತಾರೆ. ಯಾಕೆ, ಏನಾಯ್ತು?"

ಕೂದಲಕ್ಕ ಅವಳನ್ನು ದಾಟಿಕೊಂಡು ಒಳಗೆ ಹೋದಳು. ಊಟದ ಮೇಜಿನ ಮೇಲೆ ಆಮೆ ಬಾಯಿ ತೆರೆದುಕೊಂಡು ಕೂತಿತ್ತು. ಅದರ ಪರದೆಯ ತುಂಬ ಒಂದು ಹೆಣ್ಣಿನ ಬೋಳುತಲೆ, ಪಕ್ಕದಿಂದ ತೆಗೆದದ್ದು. ಕಿವಿಯಲ್ಲಿ ಪುಟ್ಟ ಹರಳು. ಆ ಹರಳನ್ನು ಕೂದಲಕ್ಕ ವಾರ್ತೆಯವಳ ಕಿವಿಯಲ್ಲಿ ಎಷ್ಟೋ ಸಲ ನೋಡಿದ್ದಳು.

ಸಾಣೆ ಹಿಡಿದಿದ್ದ ಮಾತು ಒಂದೂ ನೆನಪಾಗಲಿಲ್ಲ. "ನೀನಾ?" ಎಂದಳು ಅಷ್ಟೇ.

ಓರಗಿತ್ತಿ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು. ಕೂದಲಕ್ಕ ಆ ಕೈಯನ್ನು ಹಿಡಿದಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ಅವರು ನಿಮಗೆ ಮಾಡಿಕೊಟ್ಟಾಗಿನಿಂದ ಇದರಲ್ಲಿ ತೆರೆದೇ ಇತ್ತು ಅಕ್ಕ. ಅವರಿಗೆ ನೆನಪೂ ಇಲ್ಲ. ನಾನು ಏನೋ ಹುಡುಕೋಕೆ ಹೋಗಿ..."

"ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

"ಸುಳ್ಳು ಹೇಳಬೇಡ. ಇವರ ವಿಷಯ ಊರಿಗೆಲ್ಲ ಗೊತ್ತಾಗಿದೆ. ನನ್ನ ಮಾನ ಬೀದಿಪಾಲಾಗಿದೆ. ಯಾರ ಹತ್ತಿರ ನಾಲಗೆ ಹರಿಬಿಟ್ಟೆ?"

"ಯಾರ ಹತ್ತಿರಾನೂ ಇಲ್ಲ ಅಂದ್ನಲ್ಲ!" ಓರಗಿತ್ತಿಯ ಧ್ವನಿ ಒಮ್ಮೆಲೇ ಏರಿತು. "ನಾನು ಹೊರಗೆ ಹೋಗಿ ಎಷ್ಟು ದಿನ ಆಯ್ತು ಗೊತ್ತಾ ನಿಮಗೆ? ಯಾರ ಹತ್ತಿರ ಹೇಳಲಿ?"

ಹಾಗೆಂದವಳೇ ತಲೆಯ ಟವೆಲನ್ನು ಎಳೆದು ಕುರ್ಚಿಯ ಮೇಲೆ ಎಸೆದಳು.

ಕೂದಲಕ್ಕ ನೋಡಿದಳು. ಬಲಗಿವಿಯ ಮೇಲೆ ಅಂಗೈಯಗಲ ಬೋಳು. ನೆತ್ತಿಯಲ್ಲಿ ಇನ್ನೊಂದು. ಹಿಂದಲೆಯಲ್ಲಿ ಉಳಿದದ್ದು ಉದುರಲು ಕಾಯುತ್ತಿರುವ ಒಂದಿಷ್ಟು ಎಳೆ. ಮದುವೆಯಾಗಿ ಬಂದ ಹೊಸದರಲ್ಲಿ ಇವಳ ದಟ್ಟ ಕೂದಲನ್ನು ನೋಡಿ ಕೂದಲಕ್ಕ ತಮಾಷೆ ಮಾಡಿದ್ದುಂಟು, ಬೇಸರವಾದಾಗ ನನಗೆ ಕೊಟ್ಟುಬಿಡು ಎಂದು.

"ಯಾವಾಗಿಂದ?"

"ಆರೇಳು ತಿಂಗಳಾಯ್ತು."

"ನನ್ನ ಹತ್ತಿರ ಬರೋಕೆ ಏನಾಗಿತ್ತೇ ನಿನಗೆ? ನನ್ನ ಕೆಲಸವೇ ಅದಲ್ವಾ?"

"ಅದಕ್ಕೇ ಬರಲಿಲ್ಲ." ಓರಗಿತ್ತಿ ಮೇಜಿನ ಅಂಚು ಹಿಡಿದು ಕೂತಳು. "ಬೇರೆಯವರು ಎದುರಿಗೆ ಸಿಕ್ಕರೆ ನೀವು ಗೊತ್ತೇ ಇಲ್ಲದ ಹಾಗೆ ಹೋಗ್ತೀರಿ. ನನ್ನನ್ನ ಹಾಗೆ ಬಿಡೋಕಾಗುತ್ತಾ ಅಕ್ಕ? ಜೊತೇಲಿ ಊಟಕ್ಕೆ ಕೂತಾಗೆಲ್ಲ ನಿಮ್ಮ ಕಣ್ಣು ನನ್ನ ಹಣೆ ಮೇಲೇ ಇರುತ್ತೆ. ಹೊಲಿಗೆ ಸರಿಯಾಗಿ ಕೂತಿದ್ಯಾ ಅಂತ. ನಿಮಗೆ ಗೊತ್ತಾದ್ರೆ ಭಾವನಿಗೆ ಗೊತ್ತಾಗುತ್ತೆ. ಭಾವನಿಗೆ ಗೊತ್ತಾದ್ರೆ ಇವರಿಗೆ."

"ಇವನಿಗೆ ಗೊತ್ತಿಲ್ವಾ?"

"ಕೂದಲು ಚಿಕ್ಕದು ಮಾಡಿಸ್ಕೊಂಡೆ, ಬಟ್ಟೆ ಕಟ್ಕೊಳ್ಳೋದು ಈಗಿನ ಫ್ಯಾಷನ್ ಅಂದೆ. ನಂಬಿದ್ದಾರೆ."

ಆಮೆಯ ಫ್ಯಾನು ಏದುಸಿರು ಬಿಡುತ್ತಿತ್ತು.

"ಬೇರೆಯವರ ಫೋಟೋ ಯಾಕೆ ನೋಡ್ತಿದ್ದೆ?"

"ಅವರೆಲ್ಲ ಕನ್ನಡಿ ಮುಂದೆ ನಿಂತು ತಾವೇ ತೆಗೆದಿದ್ದಾರೆ. ಮುಂದಿಂದ, ಹಿಂದಿಂದ, ಲೈಟ್ ಹಾಕ್ಕೊಂಡು. ನನಗೆ ಕನ್ನಡಿ ಕಡೆ ತಿರುಗೋಕೇ ಆಗ್ತಿರಲಿಲ್ಲ. ಮಧ್ಯಾಹ್ನ ಒಬ್ಬಳೇ ಇರ್ತಿದ್ನಲ್ಲ, ಇವರನ್ನ ನೋಡ್ತಾ ಕೂರ್ತಿದ್ದೆ. ತಪ್ಪು ಅಂತ ಗೊತ್ತಿತ್ತು. ದಿನಾ ಇದೇ ಕೊನೆ ಅಂದ್ಕೊಂಡೇ ತೆಗೀತಿದ್ದೆ."

ಕೂದಲಕ್ಕನಿಗೆ ಅವಳ ತಲೆ ನೇವರಿಸಬೇಕೆನ್ನಿಸಿತು. ಕೈ ಏಳಲಿಲ್ಲ. ಕೂದಲು ನಿಜವಾಗಿ ಉದುರಿತ್ತು, ಅದರಲ್ಲಿ ನಾಟಕವಿರಲಿಲ್ಲ. ಆದರೆ ಕೂದಲು ಉದುರಿದವಳು ಬಾಯಿ ಬಿಟ್ಟಿಲ್ಲವೆಂದು ಏನು ಗ್ಯಾರಂಟಿ? ಅಳುತ್ತ ಕೂತ ಓರಗಿತ್ತಿಯ ಎದುರಿಗೆ ನಿಂತು ತಾನು ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಯೋಚನೆ ಮಾತ್ರ ನಿಲ್ಲಲಿಲ್ಲ. ಕೊನೆಗೆ ಆಮೆಯನ್ನು ತನ್ನ ಕಡೆ ಎಳೆದುಕೊಂಡು, ಪಾಸ್‌ವರ್ಡ್ ಬದಲಿಸಿ, ತನ್ನ ಮೇಲ್‌ನಿಂದ ಅದನ್ನು ಹೊರಹಾಕಿ ಎದ್ದಳು.

"ಶನಿವಾರ ಉದ್ದಜಡೆಗೆ ರಜೆ. ಬಾ, ಅಳತೆ ತಗೋತೀನಿ," ಎಂದು ಬಾಗಿಲ ಹತ್ತಿರ ನಿಂತು ಹೇಳಿದಳು.

ಎರಡು ದಿನ ಬಿಟ್ಟು ವಾರ್ತೆಯವಳ ಫೋನ್ ಬಂತು. ಧ್ವನಿ ಬೆಣ್ಣೆಯಾಗಿತ್ತು.

"ನಿಮ್ಮ ಮೇಲೆ ಸುಮ್ಮನೆ ಕೂಗಾಡಿಬಿಟ್ಟೆ. ನಮ್ಮಮ್ಮನೇ ಹೇಳಿದ್ದು. ಮೇಕಪ್ಪಿನವಳು ಮನೆಗೆ ಫೋನ್ ಮಾಡಿದಾಗ, ನನ್ನ ಮಗಳ ತಲೆ ಹುಷಾರಾಗಿ ನೋಡ್ಕೊಳ್ಳಮ್ಮ, ಹೀಗ್ಹೀಗೆ ಅಂತ. ಪ್ರೀತಿಯಿಂದಲೇ ಹೇಳಿದ್ದಾರೆ, ಏನು ಮಾಡಲಿ. ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಇನ್ನೊಂದು ವಿಗ್ ಬೇಕು, ಸ್ವಲ್ಪ ಗಿಡ್ಡದು."

ಓರಗಿತ್ತಿ ಹೇಳಿದ್ದು ನಿಜವಾಗಿತ್ತು. ಕೂದಲಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಬದಲಿಗೆ ಅದು ಇನ್ನಷ್ಟು ಭಾರವಾಯಿತು. ತುಟಿಪಿಟಕ್ಕೆನ್ನದೆ ಸರಿ ಎಂದರೆ ಎಲ್ಲ ಮುಗಿಯುತ್ತದೆ. ಗಿರಾಕಿ ಉಳಿಯುತ್ತಾಳೆ, ಮಾನ ಉಳಿಯುತ್ತದೆ, ಮನೆಯ ವಿಷಯ ಮನೆಯೊಳಗೇ ಉಳಿಯುತ್ತದೆ. ಮರದ ತಲೆಗಳು ಸಾಲಾಗಿ ಅವಳನ್ನೇ ನೋಡುತ್ತಿದ್ದವು, ಕಣ್ಣಿಲ್ಲದಿದ್ದರೂ.

"ಸ್ವಲ್ಪ ಇರಿ," ಎಂದಳು. "ಮೇಕಪ್ಪಿನವರಿಗೆ ನನ್ನಿಂದ ಗೊತ್ತಾಗಿಲ್ಲ, ಸರಿ. ಆದರೆ ನಿಮ್ಮ ಫೋಟೋನ ನಾನಲ್ಲದೆ ಇನ್ನೊಬ್ಬರು ನೋಡಿದ್ದಾರೆ. ನನ್ನ ಮೇಲ್ ಬೇರೆ ಕಡೆ ತೆರೆದುಕೊಂಡಿತ್ತು. ನನಗೆ ಗೊತ್ತಿರಲಿಲ್ಲ. ಮೊನ್ನೆ ಗೊತ್ತಾಯ್ತು."



"ಯಾರು?"

"ಅದನ್ನ ಹೇಳಲ್ಲ. ಅವರೂ ಈಗ ನನ್ನ ಗಿರಾಕಿ."

"ಇದನ್ನ ನನಗೆ ಯಾಕೆ ಹೇಳಿದ್ರಿ?" ಎಂದಳು ವಾರ್ತೆಯವಳು. "ಹೇಳದೇ ಇದ್ದಿದ್ರೆ ನಾನು ನೆಮ್ಮದಿಯಾಗಿ ಇರ್ತಿದ್ದೆ." ಫೋನ್ ಇಟ್ಟುಬಿಟ್ಟಳು.

ಒಬ್ಬಳಿಗೆ ಹೇಳಿದ ಮೇಲೆ ಉಳಿದವರಿಗೆ ಹೇಳದಿರುವುದು ಹೇಗೆ? ಹಳೆಯ ಪತ್ರಗಳನ್ನು ಸಾಗಿಸಿ ಮುಗಿಸಿ, ಕೂದಲಕ್ಕ ಹೊಸ ವಿಳಾಸದಿಂದ ಎಲ್ಲ ಗಿರಾಕಿಗಳಿಗೂ ಬರೆದಳು. ಗಂಡ ಓದಿ ತಲೆ ಚಚ್ಚಿಕೊಂಡ. "ಲಿಫ್ಟ್ ಸರಿಯಾಗಿ ನಿಂತ ಮೇಲೆ ಬಾಗಿಲು ತೆಗೆದು, ನಡುವೆ ಒಂದು ಸಲ ಜಾರಿತ್ತು ಅಂತ ಯಾರಾದರೂ ಹೇಳ್ತಾರೇನೇ?"

"ಹೇಳಬೇಕು," ಎಂದಳು ಅವಳು. "ನೀವು ಹೇಳಲ್ವಾ?"

ಅವನು ಆ ದಿನ ಮತ್ತೆ ಲಿಫ್ಟಿನ ಮಾತೆತ್ತಲಿಲ್ಲ. ಅವನ ತಮ್ಮನ ಮನೆಯಲ್ಲಿ ಮೇಲ್ ತೆರೆದಿತ್ತು ಎಂದಷ್ಟೇ ಅವಳು ಅವನಿಗೆ ಹೇಳಿದ್ದಳು. ಯಾರು ನೋಡಿದರು, ಯಾಕೆ ನೋಡಿದರು ಎನ್ನುವುದನ್ನು ಹೇಳಿರಲಿಲ್ಲ.

ಕೆಲವರು ಉತ್ತರಿಸಲೇ ಇಲ್ಲ. ಕೆಲವರು ತಮ್ಮದನ್ನೆಲ್ಲ ಅಳಿಸಿಹಾಕಿ ಎಂದರು, ಅಳಿಸಿದಳು. ನಾಟಕದವರಂತೂ, ನನ್ನ ಬೋಳು ತಲೆಯನ್ನು ನೋಡಬೇಕೆನ್ನುವವರು ಟಿಕೆಟ್ ಕೊಂಡು ನೋಡಲಿ ಎಂದು ಬರೆದರು. ವಾರ್ತೆಯವಳಿಂದ ಬಹಳ ದಿನ ಸುದ್ದಿಯಿಲ್ಲ. ಆಮೇಲೊಮ್ಮೆ ಹೊಸ ಪೆಟ್ಟಿಗೆಗೆ ಎರಡೇ ಸಾಲು ಬಂತು. ಕಳಿಸಿದವರ ವಿಳಾಸವೂ ಅದೇ ಬೂದುಬಣ್ಣದ ಕಂಪನಿಯದು. "ಗಿಡ್ಡದನ್ನು ಶುರುಮಾಡಿ. ಫೋಟೋ ಕಳಿಸುವುದಿಲ್ಲ, ನಾನೇ ಬರುತ್ತೇನೆ."

ಹೊಸ ಮೇಲಿನ ಕಷ್ಟಗಳೂ ಒಂದೊಂದೇ ಹೊರಬಿದ್ದವು. ಮೊದಲೆಲ್ಲ "ಎಡಗಿವಿ ಹತ್ತಿರ ಸಡಿಲ" ಎಂದು ಹುಡುಕಿದರೆ ತಕ್ಷಣ ಪತ್ರ ಸಿಗುತ್ತಿತ್ತು. ಈಗ ತಾನೇ ಒಂದೊಂದಾಗಿ ತೆರೆದು ನೋಡಬೇಕು. ಅವಳ ಎಷ್ಟೋ ಪತ್ರಗಳು ಗಿರಾಕಿಗಳ ಕಸದ ಬುಟ್ಟಿಯಲ್ಲಿ ಹೋಗಿ ಬೀಳುತ್ತಿದ್ದವು. ಪಾಸ್‌ವರ್ಡ್ ಮರೆತಾಗ ಬಳಸಲೆಂದು ಕಂಪನಿಯವರು ಸಂಬಂಧವೇ ಇಲ್ಲದ ಒಂದಷ್ಟು ಪದಗಳ ಸಾಲು ಕೊಟ್ಟಿದ್ದರು. ಅದೂ ಕಳೆದರೆ ಎಲ್ಲ ಹೋದಂತೆ. "ನನ್ನ ಹತ್ತಿರ ಕೊಡು, ಇಟ್ಕೊಂಡಿರ್ತೀನಿ," ಎಂದು ಗಂಡ ಕೈಚಾಚಿದ. ಅವಳು ಅವನ ಮುಖವನ್ನೇ ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದ ಮುಖ. "ಬೇಡ ಬಿಡಿ," ಎಂದು, ಆ ಪದಗಳನ್ನು ಬರೆದುಕೊಂಡಿದ್ದ ಚೀಟಿಯನ್ನು ಮಡಚಿ, ಮಾರಾಟಕ್ಕಿಲ್ಲದ ಹಳೆಯ ವಿಗ್ಗೊಂದರ ಒಳಪದರಕ್ಕೆ ಸೇರಿಸಿ ಹೊಲಿದುಬಿಟ್ಟಳು. ಬೆಂಕಿ ಬಿದ್ದರೆ ಅದೂ ಹೋಗುತ್ತದೆ ಎನ್ನುವುದು ಹೊಲಿದು ಮುಗಿಸಿದ ಮೇಲೆ ಹೊಳೆಯಿತು. ಹೋದರೆ ಹೋಗಲಿ ಎಂದುಕೊಂಡಳು.

ಶನಿವಾರ ಬಾ ಎಂದಿದ್ದರೂ ಓರಗಿತ್ತಿ ಆ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಕೂದಲಕ್ಕ ಫೋನ್ ಮಾಡಿ ಒತ್ತಾಯಿಸಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಓರಗಿತ್ತಿ ಮೆಲ್ಲನೆ ಮೆಟ್ಟಿಲು ಹತ್ತಿ ಬಂದು, ಬಂದವಳೇ ಬಾಗಿಲು ಹಾಕಿದಳು.

"ಕೂತ್ಕೋ," ಎಂದು ಕೂದಲಕ್ಕ ಟೇಪು ತೆಗೆದಳು. ಹಣೆಯಿಂದ ಕುತ್ತಿಗೆಗೆ, ಕಿವಿಯಿಂದ ಕಿವಿಗೆ, ತಲೆಯ ಸುತ್ತಳತೆ. ಬೆರಳು ಚರ್ಮಕ್ಕೆ ತಗುಲಿದಾಗಲೆಲ್ಲ ಓರಗಿತ್ತಿ ಮೈ ಬಿಗಿಮಾಡುತ್ತಿದ್ದಳು. ಆಮೇಲೆ ಸಡಿಲವಾದಳು. ಅಳತೆ ಮುಗಿದ ಮೇಲೆ ಕೂದಲಕ್ಕ ಫೋನನ್ನು ಕೈಗೆತ್ತಿಕೊಂಡಳು.

"ಫೋಟೋನೂ ಬೇಕಾ ಅಕ್ಕ?"

"ಬೇಕು. ಹಣೆಯಂಚು ನೋಡ್ಕೊಂಡೇ ಹೊಲೀಬೇಕು."

"ಎಲ್ಲಿಡ್ತೀರಿ?"

"ಹೊಸ ಮೇಲ್‌ನಲ್ಲಿ."

ಓರಗಿತ್ತಿ ಫೋನನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದಳು. "ಯಾರೂ ನೋಡಲ್ಲ ತಾನೇ?"

ಈ ಪ್ರಶ್ನೆಯನ್ನು ನೀನು ಕೇಳುತ್ತೀಯಾ ಎಂದು ಕೂದಲಕ್ಕನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ನಾನೊಬ್ಬಳೇ ನೋಡೋದು," ಎಂದಳು. "ತಲೆ ಸ್ವಲ್ಪ ಎಡಕ್ಕೆ ತಿರುಗಿಸು."

ಓರಗಿತ್ತಿ ತಿರುಗಿಸಿದಳು. ಕಿಟಕಿಯ ಬೆಳಕು ನೆತ್ತಿಯ ಮೇಲೆ ಬಿತ್ತು. ಅವಳು ಕಣ್ಣು ಮುಚ್ಚಿಕೊಂಡಳು, ಆಮೇಲೆ ತೆರೆದಳು. ಮೂರು ಫೋಟೋ ತೆಗೆದದ್ದಾಯಿತು. ಹೋಗುವಾಗ ಬಟ್ಟೆ ಬಿಗಿದು ಕಟ್ಟಿಕೊಂಡು, "ಬರ್ತೀನಿ ಅಕ್ಕ," ಎಂದು ಕೂದಲಕ್ಕನ ಕೈಯನ್ನು ಒಂದು ಕ್ಷಣ ಒತ್ತಿ ಹಿಡಿದಳು. ಕೂದಲಕ್ಕನೂ ಹಿಡಿದಳು.

ಕೆಳಗಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಕೂದಲಕ್ಕ ಅಳತೆಗಳನ್ನು ಬರೆದಳು, ಫೋಟೋಗಳನ್ನು ಒಳಗೆ ಹಾಕಿದಳು. ಕಂಪ್ಯೂಟರ್ ಮುಚ್ಚುವ ಮೊದಲು ಸೆಟ್ಟಿಂಗಿಗೆ ಹೋಗಿ, ತನ್ನ ಖಾತೆ ಎಲ್ಲೆಲ್ಲಿ ತೆರೆದಿದೆ ಎಂದು ನೋಡಿದಳು. ಅವಳ ಕಂಪ್ಯೂಟರು, ಅವಳ ಫೋನು. ಬೇರೆ ಯಾವುದೂ ಇರಲಿಲ್ಲ. ಇನ್ನೊಮ್ಮೆ ನೋಡಿದಳು. ತಾನು ಹೀಗಾದೆನಲ್ಲ ಎಂದು ಬೇಸರವಾಯಿತು. ಎದ್ದು ಹೋಗಿ ಕಪ್ಪು ಕೂದಲಿನ ಕಟ್ಟುಗಳನ್ನು ಬೆಳಕಿಗೆ ಹಿಡಿದು, ಓರಗಿತ್ತಿಯ ಬಣ್ಣಕ್ಕೆ ಹೊಂದುವುದು ಯಾವುದೆಂದು ಆರಿಸತೊಡಗಿದಳು.